ಓಡಿ ಹೋಗಿ ನಮಸ್ಕಾರ ಮಾಡು

ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ನಾನು ಸಾಲಿ ಬಿಟ್ಟೆ, ಎಂಟನೇ ಇಯತ್ತೆಯ ನಟ್ಟನಡುವೆ. ದಡ್ಡನಾಗಿ ಬಿಟ್ಟವನಲ್ಲ. ಇಡೀ ವರ್ಗದಲ್ಲಿ ನನ್ನ ಅಕ್ಷರವೇ ಚಂದ ಎಂದು ಮಾಸ್ತರರು ಹಲಗೆಯ ಮೇಲೆ ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಇದನ್ನು ಅರವತ್ತರ ಈ ವಯಸ್ಸಿನಲ್ಲೂ ಹೇಳಿಕೊಳ್ಳುತ್ತೇನೆ, ನಾಚಿಕೆಯಿಲ್ಲ. ಬಿಟ್ಟದ್ದು ಅಪ್ಪನ ಕಣ್ಣಿನ ಸಲುವಾಗಿ. ಅಪ್ಪ ಹುಬ್ಬಳ್ಳಿಯ ಆಚೆ ಒಂದು ರೈಲು ಗೇಟಿನ ಗೇಟ್‌ಮನ್. ಗಾಡಿ ಬರುವ ಮೊದಲು ರಸ್ತೆಗೆ ಅಡ್ಡಗಂಬ ಇಳಿಸುವುದು, ಹೋದ ಮೇಲೆ ಎತ್ತುವುದು, ಅಷ್ಟೇ ಕೆಲಸ. ಆದರೆ ಆ ಅಷ್ಟೇ ಕೆಲಸದಲ್ಲಿ ಒಂದು ಸಲ ತಪ್ಪಿದರೆ ಎರಡನೇ ಸಲ ಎಂಬುದಿಲ್ಲ.

ನಮ್ಮ ಮನೆ ಆ ಗೇಟಿಗೆ ಅಂಟಿಕೊಂಡ ಒಂದೇ ಕೋಣೆ. ಹಳಿಗೂ ನಮ್ಮ ಗೋಡೆಗೂ ಹತ್ತು ಹೆಜ್ಜೆ. ಗಾಡಿ ಹಾಯುವಾಗ ಗೂಟಕ್ಕೆ ತೂಗುಹಾಕಿದ ಜರಡಿ ತಾನೇ ಕುಣಿಯುತ್ತಿತ್ತು, ಕೊಡದ ಮೇಲೆ ಮುಚ್ಚಿದ ತಟ್ಟೆ ಕಟಕಟ ಎನ್ನುತ್ತಿತ್ತು. ಅವ್ವ ಗಡಿಯಾರ ನೋಡಿದವಳಲ್ಲ. ಮಿರಜ ಗಾಡಿ ಬರುವುದರೊಳಗೆ ಬೇಳೆ ಬೇಯಬೇಕು, ಗೂಡ್ಸ್ ಹೋಗುವುದರೊಳಗೆ ರೊಟ್ಟಿ ಮುಗಿಯಬೇಕು. ಗೂಡ್ಸ್ ತಡವಾದ ದಿನ ನಮಗೆ ಎರಡು ರೊಟ್ಟಿ ಹೆಚ್ಚು ಸಿಗುತ್ತಿದ್ದವು. ಅಪ್ಪ ಉಣ್ಣುವಾಗ ಅವನ ಮುಖ ನಮ್ಮ ಕಡೆ ಇರುತ್ತಿರಲಿಲ್ಲ, ಒಂದು ಕಿವಿ ಸದಾ ಸ್ಟೇಷನ್ನಿನಿಂದ ಬರುವ ಫೋನಿನ ಕಡೆ. ಗಂಟೆ ಬಾರಿಸಿತೆಂದರೆ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು, ಅವನು ಹೊರಗೆ. ಅವ್ವ ಆ ತಟ್ಟೆಯ ಮೇಲಿನ ನೊಣ ಹೊಡೆಯುತ್ತ ಸೆರಗು ಬೀಸಿಕೊಂಡು ಕೂತಿರುತ್ತಿದ್ದಳು. ಕೆಂಪು ಬಾವುಟವನ್ನೂ ಹಸಿರು ಬಾವುಟವನ್ನೂ ಅವಳು ಬೇರೆ ಬೇರೆ ಬೋಗುಣಿಯಲ್ಲಿ ಒಗೆಯುತ್ತಿದ್ದಳು, ಕೆಂಪು ಬಣ್ಣ ಬಿಡುತ್ತದೆ ಎಂದು. ಹಳಿಯ ಕಡೆಗೆ ತೆರೆಯುವ ಬಾಗಿಲಿಗೆ ಸದಾ ಒಂದು ಹಾರೆ ಅಡ್ಡ ಇಟ್ಟಿರುತ್ತಿದ್ದಳು. ಮಕ್ಕಳು ನಾವು ಮೂವರು. ಆ ಬಾಗಿಲಿಗೆ ಕೈ ಹಚ್ಚಿದರೆ ಕೈಗೆ ಬರೆ.

ಆ ಮನೆಯಲ್ಲಿ ಕಾನೂನು ಎರಡೇ. ಹಳಿಯ ಕಡೆ ಹೋಗಬಾರದು ಎಂಬುದು ಒಂದು. ಹಿರಿಯರು ಕಂಡರೆ ನಿಂತಲ್ಲಿ ನಿಲ್ಲಬಾರದು, ಓಡಿ ಹೋಗಿ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು ಎಂಬುದು ಇನ್ನೊಂದು. ಅವರು ನಮ್ಮ ಕಡೆಗೆ ಮುಂದಿನ ಹೆಜ್ಜೆ ಇಡುವುದರೊಳಗೆ ನಾವು ಅವರ ಕಾಲ ಬಳಿ ಇರಬೇಕು. ತಿಂಗಳಿಗೊಮ್ಮೆ ಹಳಿಯ ತಪಾಸಣೆಗೆ ಒಬ್ಬ ಸಾಹೇಬರು ಟ್ರಾಲಿಯ ಮೇಲೆ ಛತ್ರಿಯ ಕೆಳಗೆ ಕೂತು ಬರುತ್ತಿದ್ದರು, ಹಿಂದೆ ಇಬ್ಬರು ಆಳು ತಳ್ಳುತ್ತ ಓಡುತ್ತಿದ್ದರು. ಆ ದಿನ ಮೊದಲನೇ ಕಾನೂನು ರದ್ದು. ಅವ್ವ ತಾನೇ ಹಾರೆ ತೆಗೆದು ಬಾಗಿಲು ತೆರೆಯುತ್ತಿದ್ದಳು. ನಾವು ಮೂವರೂ ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ಓಡಿ ಸಾಹೇಬರ ಬೂಟು ಮುಟ್ಟಬೇಕು. ಒಮ್ಮೆ ನಾನು ಹಾಗೆ ಓಡುವ ಮೊದಲು ನಿಂತೆ. ಇನ್ನೊಂದು ಕಡೆಯಿಂದ ಏನಾದರೂ ಬರುತ್ತಿದೆಯೇ ಎಂದು ನೋಡಿದೆ, ಅಷ್ಟೇ. ತಂಗಿ, ತಮ್ಮ ಹೋಗಿ ಮುಟ್ಟಿ ಬಂದರು. ಸಾಹೇಬರು ಹೋದ ಮೇಲೆ ಅಪ್ಪನ ಕೈ ನನ್ನ ಕೆನ್ನೆಯ ಮೇಲೆ ಬಿತ್ತು.

“ನೋಡ್ಕೋತ ಏನ್ ನಿಂತಿದ್ದೀ? ಹಿರ್ಯಾರು ಕಂಡ ಮ್ಯಾಲೆ ಮತ್ತೇನ್ ನೋಡೂದೈತಿ?”

“ಗಾಡಿ ಬರ್ತದೇನಂತ ನೋಡಿದ್ನಪ್ಪಾ.”

“ಗಾಡಿ ನೋಡಾಕ ನಾ ಇಲ್ಲೇನ್ಲೇ? ನಿನ್ನ ಕೆಲಸ ಓಡೂದು.”

ಆ ದಿನ ಮಧ್ಯಾಹ್ನ ನನಗೆ ಊಟವಿಲ್ಲ. ಆಮೇಲೆ ನಾನು ಎಂದೂ ನೋಡುತ್ತ ನಿಲ್ಲಲಿಲ್ಲ. ಓಡುವುದರಲ್ಲಿ ನಾನೇ ಮೊದಲು. ಊರಿನಲ್ಲಿ “ಗೇಟಿನ್ಯಾಂವನ ಮಗನ್ನ ನೋಡ್ರಿ, ಎಂಥಾ ಸಂಸ್ಕಾರ” ಎಂದು ಜನ ಆಡಿಕೊಳ್ಳುವಷ್ಟು. ಬಡವರ ಮನೆಯಲ್ಲಿ ತೋರಿಸಲು ಬೇರೇನಿದೆ? ಆ ಮಾತು ಕಿವಿಗೆ ಬಿದ್ದರೆ ಅಪ್ಪನ ಬೆನ್ನು ನೆಟ್ಟಗಾಗುತ್ತಿತ್ತು. ನನ್ನದೂ.

ಕಣ್ಣಿನ ವಿಷಯಕ್ಕೆ ಬರುತ್ತೇನೆ. ಹಗಲು ಅಪ್ಪನಿಗೆ ಎಲ್ಲ ಕಾಣುತ್ತಿತ್ತು. ಹೊತ್ತು ಮುಳುಗತೊಡಗಿತೆಂದರೆ ಏನೂ ಕಾಣುತ್ತಿರಲಿಲ್ಲ. ಇರುಳುಗುರುಡು. ಇದು ಗೊತ್ತಿದ್ದದ್ದು ಅವ್ವನಿಗೆ, ನನಗೆ. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಆ ಕೋಣೆಯೂ ಹೋಗುತ್ತದೆ. ಹೀಗಾಗಿ ಸಂಜೆಯ, ರಾತ್ರಿಯ ಗಾಡಿಗಳಿಗೆ ಗೇಟು ಇಳಿಸುವವನು ಹದಿಮೂರು ವರ್ಷದ ನಾನು, ರಾತ್ರಿ ಎಚ್ಚರವಿದ್ದು ಹಗಲು ಸಾಲಿಗೆ ಹೋಗಲಾಗಲಿಲ್ಲ. ಅಪ್ಪ ಬಾವುಟವನ್ನೋ ಕಂದೀಲನ್ನೋ ಹಿಡಿದು ನೆಟ್ಟಗೆ ನಿಲ್ಲುತ್ತಿದ್ದ, ನಾನು ಹ್ಯಾಂಡಲ್ ತಿರುಗಿಸುತ್ತ ಮೆಲ್ಲಗೆ “ಎಡಕ್ಕ ತಿರುಗಪ್ಪಾ” ಎನ್ನುತ್ತಿದ್ದೆ. ಗೇಟಿನ ಆಚೆ ಸೈಕಲ್ಲು, ಎತ್ತಿನಗಾಡಿ, ಲಾರಿ. ಅಡ್ಡಗಂಬದ ಕೆಳಗೆ ನುಸುಳುವ ಜನ. ಗಾಡಿಯ ದೀಪ ಸಣ್ಣ ಚುಕ್ಕಿಯಾಗಿ ಕಾಣಿಸಿಕೊಂಡು ದೊಡ್ಡದಾಗುವಷ್ಟು ಹೊತ್ತು ನಾನು ಆ ನುಸುಳುವ ಕಾಲುಗಳನ್ನು ಎಣಿಸುತ್ತಿದ್ದೆ. ಹೆದರಿದ್ದೇನೆಂದು ಯಾರಿಗೂ ಹೇಳಲಿಲ್ಲ. ಎರಡು ವರ್ಷ ಹಾಗೆ ನಡೆಯಿತು. ಆ ಎರಡು ವರ್ಷದಲ್ಲಿ ಆ ಗೇಟಿನಲ್ಲಿ ಒಂದು ಕುರಿ ಕೂಡ ಸಾಯಲಿಲ್ಲ. ಆಮೇಲೆ ಅಪ್ಪ ತೀರಿಕೊಂಡ, ನಾವು ಕೋಣೆ ಬಿಟ್ಟೆವು, ನಾನು ವೆಲ್ಡಿಂಗ್ ಶೆಡ್ಡಿಗೆ ಸೇರಿದೆ. ಆದರೆ ಹೊತ್ತು ಇಳಿಯುವಾಗ ಊಟಕ್ಕೆ ಕೂಡಲು ನನಗೆ ಇವತ್ತಿಗೂ ಆಗುವುದಿಲ್ಲ.

ಸಿಡ್ನಿಗೆ ನಾನು ಬಂದದ್ದು ನರ್ಸ್ ಕೆಲಸದ ನನ್ನ ಹೆಂಡತಿ ಶಾಂತಾಳ ವೀಸಾದ ಬೆನ್ನಿಗೆ. ಮೊದಲು ಕಾರು ತೊಳೆದೆ, ಆಮೇಲೆ ಟ್ರಾಫಿಕ್ ಕಂಟ್ರೋಲರ್ ಆದೆ. ರಸ್ತೆ ರಿಪೇರಿ ನಡೆಯುವ ಕಡೆ, ಒಂದು ಮುಖಕ್ಕೆ ಸ್ಟಾಪ್, ಇನ್ನೊಂದು ಮುಖಕ್ಕೆ ಸ್ಲೋ ಎಂದು ಬರೆದ ಕೋಲು ಹಿಡಿದು ನಿಲ್ಲುತ್ತಾರಲ್ಲ, ಅವರಲ್ಲಿ ಒಬ್ಬ. ಬಿಸಿಲಿಗೆ ಡಾಂಬರು ಕುದಿಯುವಾಗಲೂ ನಿಂತಿದ್ದೇನೆ, ಮಳೆಯಲ್ಲೂ ನಿಂತಿದ್ದೇನೆ. ಹದಿನಾಲ್ಕು ವರ್ಷದಲ್ಲಿ ನನ್ನ ಕೋಲಿನ ಹಿಂದೆ ಇದ್ದ ಒಬ್ಬ ಕೆಲಸಗಾರನಿಗೂ ಗೀರು ಬಿದ್ದಿಲ್ಲ. ನನ್ನ ಕೈ ಎತ್ತಿದರೆ ಇಪ್ಪತ್ತು ಟನ್ನಿನ ಲಾರಿ ನಿಲ್ಲುತ್ತದೆ. ಎಂಟನೇ ಇಯತ್ತೆಯವನ ಕೈ!

ನನ್ನ ಮಗಳು ಗೀತಾ, ಅಳಿಯ, ಇಬ್ಬರು ಮಕ್ಕಳು ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಇಪ್ಪತ್ತೆಂಟು ಅಂತಸ್ತಿನ ಟವರಿನಲ್ಲಿ ಇದ್ದಾರೆ. ದೊಡ್ಡವ ಆರ್ಯ, ಒಂಬತ್ತು ವರ್ಷ. ಸಣ್ಣಾಕಿ ಮಿನು, ಆರು. ಹ್ಯಾಲೋವೀನ್ ಎಂಬ ಹಬ್ಬ ಇಲ್ಲಿ ಈಗ ಎಲ್ಲರೂ ಮಾಡುತ್ತಾರೆ. ಮಕ್ಕಳು ದೆವ್ವ ಭೂತದ ವೇಷ ಹಾಕಿಕೊಂಡು ಮನೆ ಮನೆಯ ಬಾಗಿಲು ಬಡಿದು “ಟ್ರಿಕ್ ಆರ್ ಟ್ರೀಟ್” ಎಂದು ಲಾಲಿ, ಅಂದರೆ ಮಿಠಾಯಿ, ಕೇಳುತ್ತಾರೆ. ಟವರಿನಲ್ಲಿ ಅದು ಲಿಫ್ಟಿನ ಹಬ್ಬ. ಯಾವ ಯಾವ ಮನೆಯವರು ಲಾಲಿ ಕೊಡುತ್ತಾರೆಂದು ಲಿಫ್ಟಿನೊಳಗೆ ಪಟ್ಟಿ ಅಂಟಿಸಿರುತ್ತಾರೆ, ಮಕ್ಕಳು ಅಂತಸ್ತಿನಿಂದ ಅಂತಸ್ತಿಗೆ ಹೋಗಿ ಕಾರ್ಪೆಟ್ ಹಾಸಿದ ಓಣಿಯಲ್ಲಿ ಈ ತುದಿಯಿಂದ ಆ ತುದಿಗೆ ಓಡುತ್ತಾರೆ. ಹಿಂದಿನ ವರ್ಷ ನಾನು ಅಲ್ಲೇ ಇದ್ದೆ. ಹದಿನೇಳನೇ ಅಂತಸ್ತಿನಲ್ಲಿ ಲಿಫ್ಟಿನಿಂದ ಒಬ್ಬ ವಯಸ್ಸಾದ ಹೆಣ್ಣುಮಗಳು ಇಳಿದರು, ನಮ್ಮ ಕಡೆಯವರಂತೆ ಸೀರೆ ಉಟ್ಟಿದ್ದರು. ನಾನು “ಮಿನೂ, ಅಜ್ಜಿ ನೋಡು” ಎಂದೆ. ಮಿನು ಬುಟ್ಟಿ ಬಿಟ್ಟು ಓಡಿ ಹೋಗಿ ಅವರ ಕಾಲು ಮುಟ್ಟಿದಳು. ಆ ಹೆಣ್ಣುಮಗಳ ಕಣ್ಣಲ್ಲಿ ನೀರು ಬಂತು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಮಗು! ನಾನೇ ಕಲಿಸಿದ್ದು. ಒಂದು ನಮಸ್ಕಾರಕ್ಕೆ ಒಂದು ಬೇಸನ್ ಉಂಡಿ, ಅದು ನಮ್ಮಿಬ್ಬರ ಕರಾರು. ಓಡಿದರೆ ಉಂಡಿ, ನಡೆದುಕೊಂಡು ಹೋದರೆ ಅರ್ಧ ಉಂಡಿ. ಆ ದಿನದ ವಿಡಿಯೋ ಹುಬ್ಬಳ್ಳಿಯ ಎಲ್ಲ ಬೀಗರಿಗೂ ಕಳಿಸಿದೆ.

ಈ ವರ್ಷ ಮಕ್ಕಳು ಹಟ ಹಿಡಿದರು. ಲಿಫ್ಟು ಸಾಕು, ನಿಜವಾದ ಬೀದಿ ಬೇಕು, ಅಜ್ಜನ ಮನೆಗೆ ಹೋಗೋಣ. ಅಳಿಯನಿಗೆ ರಜೆ ಇರಲಿಲ್ಲ, ಗೀತಾ ಇಬ್ಬರನ್ನೂ ಕರೆದುಕೊಂಡು ಸಿಡ್ನಿಯಲ್ಲಿ ನಾವಿರುವ ಗಿರಾವೀನಿಗೆ ಬಂದಳು. ಅವಳು ಫೋನಿನಲ್ಲಿ ಹೇಳಿದ ದಿನದಿಂದ ನನಗೆ ನಿದ್ದೆ ಸರಿಯಿಲ್ಲ. ನಮ್ಮ ಬೀದಿ ನನಗೆ ಗೊತ್ತು. ಒಂದೇ ಬದಿಗೆ ಫುಟ್‌ಪಾತು. ಮನೆಗೆ ನಾಲ್ಕು ಕಾರು, ಎರಡು ಬದಿಗೂ ಸಾಲಾಗಿ ನಿಂತಿರುತ್ತವೆ, ಅವುಗಳ ನಡುವೆ ನಿಂತ ಮಗು ಡ್ರೈವರಿಗೆ ಕಾಣುವುದಿಲ್ಲ. ಹ್ಯಾಲೋವೀನ್ ಹೊತ್ತಿಗೆ ಇಲ್ಲಿ ವಸಂತ, ಮಕ್ಕಳು ಹೊರಡುವಾಗ ಇನ್ನೂ ಬೆಳಕಿರುತ್ತದೆ. ಬೆಳಕಿದೆ ಎಂದು ತಾಯಂದಿರು ನಿಶ್ಚಿಂತೆಯಿಂದ ಇರುತ್ತಾರೆ. ನನಗೆ ಗೊತ್ತಿರುವುದೇ ಬೇರೆ. ಆ ಹೊತ್ತಿಗೆ ಸೂರ್ಯ ನಮ್ಮ ಬೀದಿಯ ಪಡುವಣ ತುದಿಯಲ್ಲಿ ಸರಿಯಾಗಿ ಡ್ರೈವರನ ಕಣ್ಣಿನ ಮಟ್ಟಕ್ಕೆ ಇರುತ್ತಾನೆ. ಆ ಕಡೆ ಮುಖ ಮಾಡಿ ಬರುವವನು ಅರ್ಧ ಕುರುಡ.

ಹಬ್ಬದ ದಿನ ಮಧ್ಯಾಹ್ನವೇ ಜಗಳ ಶುರುವಾಯಿತು. ಆರ್ಯನದು ಅಸ್ಥಿಪಂಜರ, ಮಿನುವಿನದು ಕರಿ ಬೆಕ್ಕು. ನಾನು ನನ್ನ ಕೆಲಸದ ಕಿತ್ತಳೆ ಬಣ್ಣದ ಎರಡು ಜಾಕೆಟ್ ಕತ್ತರಿಸಿ, ಮಕ್ಕಳ ಅಳತೆಗೆ ಹೊಲಿದು, ಬೆಕ್ಕಿನ ಬಾಲಕ್ಕೂ ಹೊಳೆಯುವ ಪಟ್ಟಿ ಸುತ್ತಿದ್ದೆ.

“ಅಪ್ಪಾ, ಪ್ಲೀಸ್. ಕರಿ ಬೆಕ್ಕಿಗೆ ಯಾರರ ಜಾಕೆಟ್ ಹಾಕ್ತಾರೇನು? ಫೋಟೋ ಹೆಂಗ ಬರ್ತದ?”

“ಫೋಟೋ ಚಂದ ಬರ್ಬೇಕೋ, ಹುಡುಗಿ ತಿರುಗಿ ಮನಿಗೆ ಬರ್ಬೇಕೋ? ಎರಡರಾಗ ಒಂದು ಹೇಳು.”

“ಘೋಸ್ಟ್ಸ್ ಡೋಂಟ್ ವೇರ್ ವೆಸ್ಟ್ಸ್, ಅಜ್ಜಾ,” ಆರ್ಯ.

“ಅದಕ್ಕಽ ಅವು ಸತ್ತಾವು.”

ಶಾಂತಾ ಅಡಿಗೆಮನೆಯಿಂದಲೇ ನಕ್ಕಳು. “ಇವ್ರನ್ನ ಹಿಂಗಽ ಬಿಟ್ರ ಬಾಗಲದಾಗಿನ ಕುಂಬಳಕಾಯಿಗೂ ಹೆಲ್ಮೆಟ್ ಹಾಕ್ತಾರ ನೋಡ ಗೀತಾ.”

ನಗಲಿ. ನಾನು ಮಕ್ಕಳಿಗೆ ಜಾಕೆಟ್ ತೊಡಿಸಿ ಗರಾಜಿಗೆ ಕರೆದುಕೊಂಡು ಹೋದೆ. ಸೈಟಿನಲ್ಲಿ ಕೆಲಸ ಶುರುವಾಗುವ ಮೊದಲು ಎಲ್ಲರನ್ನೂ ನಿಲ್ಲಿಸಿ ಅವತ್ತಿನ ಅಪಾಯಗಳನ್ನು ಹೇಳುತ್ತೇವೆ, ಅದಕ್ಕೆ ಟೂಲ್‌ಬಾಕ್ಸ್ ಟಾಕ್ ಎನ್ನುತ್ತಾರೆ, ಕೇಳಿದವರೆಲ್ಲ ಹಾಳೆಗೆ ಸಹಿ ಹಾಕಬೇಕು. ಅದೇ ಪ್ರಕಾರ ಹೇಳಿದೆ. ಫುಟ್‌ಪಾತು ಇರುವ ಬದಿಯ ಮನೆಗಳಿಗೆ ಮಾತ್ರ ಹೋಗುವುದು, ಆಚೆ ಬದಿಗೆ ಇಲ್ಲ. ನಡೆಯುವಾಗ ಮುಖವಾಡ ಹಣೆಯ ಮೇಲೆ, ಬಾಗಿಲಿಗೆ ಹೋದ ಮೇಲೆ ಕೆಳಗೆ. ನಡೆಯುತ್ತ ಲಾಲಿ ಬಿಚ್ಚುವಂತಿಲ್ಲ. ಯಾರ ಮನೆಯ ಮುಂದಾದರೂ ಕಾರಿನ ಹಿಂದಿನ ಬಿಳಿ ದೀಪ ಹತ್ತಿದರೆ ಅದು ಹಿಂದಕ್ಕೆ ಬರುತ್ತದೆ, ಕಲ್ಲಿನಂತೆ ನಿಲ್ಲಬೇಕು. ನಿಂತ ಕಾರುಗಳ ನಡುವಿನಿಂದ ರಸ್ತೆಗೆ ಇಣುಕುವಂತಿಲ್ಲ. ಮಿನು ನನ್ನ ಎಡಗೈ ಬಿಡುವಂತಿಲ್ಲ.

“ವಿ ನೋ, ಅಜ್ಜಾ. ಸ್ಕೂಲ್‌ನಲ್ಲಿ ಹೇಳಿದಾರೆ.”

“ಗೊತ್ತಿದ್ದವ್ರಽ ಹೆಚ್ಚು ಸಾಯೂದು.”

“ಏನ್ರೀ ಅದು, ಹಬ್ಬದ ದಿವ್ಸ ಎಂಥಾ ಮಾತು!” ಎಂದು ಶಾಂತಾ ಬಾಗಿಲಲ್ಲಿ ನಿಂತು ಬೈದಳು. ಆರ್ಯ ಹಾಳೆಯ ಮೇಲೆ ಹೆಸರು ಬರೆದ, ಮಿನು ಬೆಕ್ಕಿನ ಪಂಜಾ ಬಿಡಿಸಿದಳು. ಬಾಗಿಲಿಗೆ ಬಂದ ಮಕ್ಕಳಿಗೆ ಲಾಲಿ ಕೊಡಲು ಗೀತಾ ಮನೆಯಲ್ಲೇ ಉಳಿದಳು. ಹೊರಡುವಾಗ ನನ್ನ ಭುಜ ಒತ್ತಿದಳು.

“ನಿಮ್ಮ ಕೂಡ ಹೋದ್ರ ನನಗೇನ್ ಚಿಂತಿಲ್ಲಪಾ.”

ಏಳಾಗುತ್ತ ಬಂದಿತ್ತು. ಬೀದಿಯ ತುಂಬ ಮಕ್ಕಳು. ಕೆಲವು ತಂದೆತಾಯಿ ಕಾರಿನಲ್ಲೇ ಮನೆಯಿಂದ ಮನೆಗೆ ತೆವಳುತ್ತಿದ್ದರು, ಮಕ್ಕಳು ಒಂದು ಬಾಗಿಲಿಂದ ಹಾರಿ ಇನ್ನೊಂದು ಬಾಗಿಲಿಂದ ಹತ್ತುತ್ತಿದ್ದವು. ಊಟ ತಂದುಕೊಡುವ ಹುಡುಗರ ಸ್ಕೂಟರು. ಕೆಲಸದಿಂದ ಮನೆಗೆ ಹೊರಟವರ ಅವಸರ. ಮೇಲೆ ಪ್ಯಾರಮಟ್ಟಾ ಕಡೆಯಿಂದ ದೊಡ್ಡ ಬಾವಲಿಗಳು ಒಂದೊಂದಾಗಿ ಹಾರಿ ಬರತೊಡಗಿದ್ದವು, ಆರ್ಯ ಅವು ಬಾಡಿಗೆಗೆ ತಂದವೇ ಎಂದು ಕೇಳಿದ. ಮಿನುವಿನ ಬೆರಳು ನನ್ನ ಎಡಗೈಯೊಳಗೆ ಬೆವೆತು ಜಾರುತ್ತಿದ್ದವು, ಎರಡು ಸಲ ಒರೆಸಿ ಮತ್ತೆ ಹಿಡಿದೆ. ಐದನೇ ಮನೆಯ ಮುಂದೆ ಒಂದು ಕಾರಿನ ಹಿಂದೆ ಬಿಳಿ ದೀಪ ಹತ್ತಿತು. ನಾನು ಹೇಳುವ ಮೊದಲೇ ಮಿನು “ಬಿಳಿ ದೀಪಾ!” ಎಂದು ಕೂಗಿ ಕಲ್ಲಾಗಿ ನಿಂತಳು. ಎಷ್ಟು ಹೆಮ್ಮೆ ನನಗೆ. ಹನ್ನೊಂದು ಮನೆ ಮುಗಿದವು. ಹನ್ನೊಂದು ಮನೆಯಲ್ಲೂ ಏನೂ ಆಗಲಿಲ್ಲ.

ನಮ್ಮ ಬೀದಿಯ ಆಚೆ ಬದಿಯಲ್ಲಿ ಪೂಜಾರಿ ಮಾಸ್ತರರ ಮನೆ. ಉಡುಪಿ ಕಡೆಯವರು, ಎಂಬತ್ತರ ಹತ್ತಿರ ಬಂದ ನಿವೃತ್ತ ಶಿಕ್ಷಕರು, ಮಗನ ಮನೆಯಲ್ಲಿ ಇರುತ್ತಾರೆ. ಸಾಲಿ ಬಿಟ್ಟವನಿಗೆ ಮಾಸ್ತರರೆಂದರೆ ಏನೆಂದು ಸಾಲಿ ಮುಗಿಸಿದವರಿಗೆ ತಿಳಿಯುವುದಿಲ್ಲ. ಅವರು ತಮ್ಮ ಗೇಟಿನಲ್ಲಿ ಒಂದು ಡಬ್ಬಿ ಹಿಡಿದು ನಿಂತಿದ್ದರು. ನಮ್ಮನ್ನು ಕಂಡು ಕೈ ಎತ್ತಿದರು. ನನ್ನ ಬಾಯಿಂದ ಮಾತು ತಾನೇ ಹೊರಟಿತು.

“ಮಿನೂ, ಅಲ್ನೋಡು, ಮಾಸ್ತರ್ ಅಜ್ಜಾ.”

ಅಷ್ಟೇ ಅಲ್ಲ. ನಾನು ಅವರಿಗೆ ನಮಸ್ಕಾರ ಮಾಡಿದೆ. ಒಂದೇ ಕೈಯಲ್ಲಿ ಹಿರಿಯರಿಗೆ ನಮಸ್ಕಾರ ಮಾಡಲು ಬರುತ್ತದೆಯೇ? ಎರಡೂ ಕೈ ಜೋಡಿಸಿದೆ. ಜೋಡಿಸಬೇಕೆಂದರೆ ಮಿನುವಿನ ಕೈ ಬಿಡಬೇಕು. ಬಿಟ್ಟೆ. ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ, ದೇವರಾಣೆಗೂ. ತಲೆ ಬಾಗಿಸಿ ಎತ್ತುವುದರೊಳಗೆ ಎರಡು ಕಾರುಗಳ ನಡುವೆ ಹೊಳೆಯುವ ಬಾಲವೊಂದೇ ಕಂಡಿತು.

ಪಡುವಣದ ಕಡೆಗೆ ಮುಖ ಮಾಡಿ ಒಂದು ಯೂಟ್ ಬರುತ್ತಿತ್ತು, ಹಿಂದೆ ಏಣಿ ಕಟ್ಟಿದ, ಕಸುಬಿನವರ ಗಾಡಿ. ಅದರ ಗಾಜಿನ ತುಂಬ ಸೂರ್ಯ. ಬ್ರೇಕಿನ ಸದ್ದು ನಾನು ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಇದು ಹಾಗಿರಲಿಲ್ಲ. ಏಣಿ ಸರಿದು ಕ್ಯಾಬಿನ್ನಿನ ಮೇಲೆ ಬಡಿಯಿತು. ನನಗೆ ಗಾಡಿ ಮಾತ್ರ ಕಾಣುತ್ತಿತ್ತು, ಅದರ ಮುಂದೆ ಏನಿದೆಯೋ ಕಾಣುತ್ತಿರಲಿಲ್ಲ. ನನ್ನ ಬಲಗೈ ಮೇಲೆದ್ದಿತ್ತು. ಲಾರಿ ನಿಲ್ಲಿಸುವ ಅದೇ ಕೈ, ಎಲ್ಲ ಮುಗಿದ ಮೇಲೆ ಗಾಳಿಯಲ್ಲಿ ನಿಂತಿತ್ತು.

ಮಿನು ಗಾಡಿಯ ಆ ಬದಿಯಿಂದ ಹೊರಗೆ ಬಂದಳು. ಓಡುತ್ತಲೇ ಇದ್ದಳು. ಗಾಡಿಯೊಂದು ತನಗಾಗಿ ನಿಂತಿದೆ ಎಂಬುದನ್ನೂ ಅವಳು ನೋಡಿರಲಿಲ್ಲ. ಮಾಸ್ತರರ ಕಾಲ ಬಳಿ ಬಗ್ಗಿ ಎರಡೂ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ಸರಿಯಾಗಿ, ನಾನು ಕಲಿಸಿದ ಹಾಗೆಯೇ. ಆಮೇಲೆ ತಿರುಗಿ ನನ್ನ ಕಡೆ ನೋಡಿ ನಕ್ಕು ಮತ್ತೆ ರಸ್ತೆಗೆ ಹೆಜ್ಜೆ ಇಟ್ಟಳು. ಉಂಡಿಯ ಲೆಕ್ಕ ನನಗೆ ಹೇಳಬೇಕಿತ್ತಲ್ಲ! ಇನ್ನೊಂದು ಕಡೆಯಿಂದ ಬಿಳಿ ಕಾರೊಂದು ಬರುತ್ತಿತ್ತು. ಮಾಸ್ತರರ ಕೈಯ ಡಬ್ಬಿ ಕೆಳಗೆ ಬಿದ್ದು ಚಕ್ಕುಲಿ ಚೆಲ್ಲಿದವು. ಅವರು ಅವಳ ಬೆನ್ನಿನ ಮೇಲಿನ ಕಿತ್ತಳೆ ಜಾಕೆಟ್ಟು ಹಿಡಿದು ಎಳೆದುಕೊಂಡರು. ಬಿಳಿ ಕಾರು ಹಾದು ಹೋಯಿತು.

ಯೂಟಿನ ಹುಡುಗನಿಗೆ ಇಪ್ಪತ್ತೆರಡೋ ಮೂರೋ. ಬಾಗಿಲು ತೆರೆದುಕೊಂಡು ಇಳಿದವನು ಗಾಡಿಗೇ ಒರಗಿದ.

“ಐ ಡಿಡಂಟ್ ಸೀ ಹರ್, ಮೇಟ್. ಐ ಡಿಡಂಟ್ ಸೀ ಹರ್.”

ಇಂಥವರನ್ನು ಹದಿನಾಲ್ಕು ವರ್ಷ ಬೈದು ನಿಲ್ಲಿಸಿದವ ನಾನು. ಅವನ ತಪ್ಪು ಏನೂ ಇರಲಿಲ್ಲ, ಮೆಲ್ಲಗೇ ಬರುತ್ತಿದ್ದ, ಅದಕ್ಕೇ ಅವಳು ಉಳಿದಳು. ಹಾಗೆಂದು ಅವನಿಗೆ ಹೇಳಬೇಕಿತ್ತು. ಅವನ ಭುಜ ಮುಟ್ಟಿದೆ, ಅಷ್ಟೇ ಆಯಿತು. ಆರ್ಯನ ಕೈ ಬಿಗಿಯಾಗಿ ಹಿಡಿದು, ಆ ಕಡೆ ಈ ಕಡೆ ನೋಡಿ, ರಸ್ತೆ ದಾಟಿ, ಮಾಸ್ತರರ ಗೇಟಿನ ಮುಂದೆ ಹುಲ್ಲಿನ ಮೇಲೆ ಕುಸಿದು ಕೂತೆ. ಮಿನುವನ್ನು ಎಳೆದು ಮಡಿಲಿಗೆ ಹಾಕಿಕೊಂಡೆ. ತಲೆ, ತೋಳು, ಕಾಲು, ಎಲ್ಲ ತಡವಿ ನೋಡಿದೆ. ಮತ್ತೆ ನೋಡಿದೆ.

“ಎಂತ ಬಸವರಾಜ್ರೆ, ಉಸಿರು ಬಿಡಿ ಮಾರಾಯ್ರೆ,” ಎಂದು ಮಾಸ್ತರರು ಬಗ್ಗಿ ಅವಳ ತಲೆ ಸವರಿದರು. “ಮಗು ಉಂಟು. ಇಲ್ಲೇ ಉಂಟಲ್ಲ, ನೋಡಿ. ಎಂತ ಆಗ್ಲಿಲ್ಲ.”

ಮಿನು ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದಳು.

“ಅಜ್ಜಾ, ಡಿಡ್ ಐ ಡು ಇಟ್ ರೈಟ್? ನಾನು ಓಡಿದೆ. ಫುಲ್ ಉಂಡಿ.”

ಸರಿ ಮಾಡಿದೆ ಎಂದರೆ ಸುಳ್ಳು. ತಪ್ಪು ಮಾಡಿದೆ ಎಂದರೆ ಅದಕ್ಕಿಂತ ದೊಡ್ಡ ಸುಳ್ಳು. ಗರಾಜಿನಲ್ಲಿ ಅಷ್ಟೆಲ್ಲ ಹೇಳಿದವನು ಇದೊಂದನ್ನು ಹೇಳಿರಲಿಲ್ಲ. ಮುಖವಾಡ ಗೊತ್ತಿತ್ತು, ಬಿಳಿ ದೀಪ ಗೊತ್ತಿತ್ತು, ಸೂರ್ಯ ಯಾವ ಮಟ್ಟದಲ್ಲಿರುತ್ತಾನೆಂದು ಕೂಡ ಗೊತ್ತಿತ್ತು. ಅಪಾಯವೆಲ್ಲ ಇಲ್ಲಿಯವರ ಹಬ್ಬದಲ್ಲಿ, ಇಲ್ಲಿಯವರ ಕಾರುಗಳಲ್ಲಿ ಇದೆ ಎಂದುಕೊಂಡಿದ್ದೆ. ನಮ್ಮ ಮನೆಯಿಂದ ತಂದದ್ದರಲ್ಲೂ ಇರಬಹುದು ಎಂದು ನನಗೆ ಹೊಳೆದಿರಲಿಲ್ಲ.

ಮಾಸ್ತರರು ಚಕ್ಕುಲಿ ಹೆಕ್ಕುತ್ತ ಮೆಲ್ಲಗೆ ಹೇಳಿದರು:

“ಮನೆಯಲ್ಲಿ ಹೇಳುದು ಬೇಡ ಬಿಡಿ. ಸುಮ್ನೆ ಹೆದರ್ತಾರೆ. ನಾನಂತೂ ಹೇಳುದಿಲ್ಲ.”

ಒಂದು ಗಳಿಗೆ ಆ ಮಾತು ನನಗೆ ತಂಪಾಗಿ ಕೇಳಿಸಿತು, ಸುಳ್ಳೇಕೆ ಬರೆಯಲಿ? ಪಕ್ಕದಲ್ಲಿ ನಿಂತಿದ್ದ ಆರ್ಯ ಮುಖವಾಡ ತೆಗೆದ. ಮುಖ ಬಿಳಿಚಿತ್ತು.

“ಐ ವೋಂಟ್ ಟೆಲ್ ಮಮ್ಮಿ, ಅಜ್ಜಾ. ಪ್ರಾಮಿಸ್.”

ಯೂಟಿಗಿಂತ ಆ ಮಾತಿಗೆ ಹೆಚ್ಚು ಹೆದರಿದೆ. ಒಂಬತ್ತು ವರ್ಷದ ಹುಡುಗ ನನ್ನ ಮರ್ಯಾದೆಗಾಗಿ ಇಂಥದೊಂದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ತಯಾರಾಗಿದ್ದ. ಅದು ಹೊಟ್ಟೆಯಲ್ಲಿ ಎಷ್ಟು ವರ್ಷ ಇರುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಬ್ಯಾಡಪಾ. ನಾನಽ ಹೇಳ್ತೀನಿ,” ಎಂದೆ.

ಮನೆಗೆ ಬಂದಾಗ ಗೀತಾ ಬಾಗಿಲ ಮೆಟ್ಟಿಲ ಮೇಲೆ ಲಾಲಿಯ ಬಟ್ಟಲು ಹಿಡಿದು ಕೂತಿದ್ದಳು. “ಇಷ್ಟ್ ಲಗೂನ?” ಎಂದಳು. ಮಕ್ಕಳನ್ನು ಒಳಗೆ ಶಾಂತಾಳ ಹತ್ತಿರ ಕಳಿಸಿ ಅವಳ ಪಕ್ಕ ಕೂತು ಹೇಳಿದೆ. ಏನನ್ನೂ ಬಿಡಲಿಲ್ಲ. ಮಿನುವಿನ ಕೈ ಬಿಟ್ಟದ್ದು ನಾನು, ಓಡು ಎಂದು ಕಲಿಸಿದ್ದೂ ನಾನು ಎಂದೆ. ಅವಳು ಒಳಗೆ ಹೋದಳು. ಮಿನುವನ್ನು ಎತ್ತಿಕೊಂಡು ನಿಂತದ್ದು ಕಿಟಕಿಯಿಂದ ಕಂಡಿತು, ಬಹಳ ಹೊತ್ತು ಇಳಿಸಲಿಲ್ಲ. ಇನ್ನು ಈ ಮಕ್ಕಳನ್ನು ನನ್ನ ಜೊತೆ ಎಲ್ಲಿಗೂ ಕಳಿಸುವುದಿಲ್ಲ ಎಂದುಕೊಂಡೆ. ಕಳಿಸಬಾರದು ಎಂದೂ ಅನಿಸಿತು. ಆಮೇಲೆ ಅವಳು ಹೊರಗೆ ಬಂದು ನಿಂತೇ ಮಾತಾಡಿದಳು.

“ಅಪ್ಪಾ, ನನಗೂ ನೀವು ಹಂಗಽ ಕಲಿಸಿದ್ರಿ.”

“ಹೌದು.”

“ನಾ ಎರಡನೇ ಇಯತ್ತಾ ಇದ್ದೆ. ಹುಬ್ಬಳ್ಳ್ಯಾಗ ರಸ್ತೆ ಆಚೆ ಕಡೆ ನಮ್ಮ ಟೀಚರ್ ಕಂಡ್ರು. ಓಡಿದೆ. ಟೆಂಪೋ ನನ್ನ ಪಾಟಿಚೀಲ ಹರ್ಕೊಂಡು ಹೋತು. ಚೀಲಷ್ಟ ಹೋತು. ಎಲ್ಲೋ ಕಳೀತು ಅಂತ ನಿಮಗ ಹೇಳಿದ್ದೆ.”

“ಆ ನೀಲಿ ಚೀಲ?”

“ಹೂಂ. ಕಳದಿದ್ದಕ್ಕ ನೀವು ಹೊಡದಿದ್ರಿ.”

ಇಪ್ಪತ್ತೊಂಬತ್ತು ವರ್ಷದ ಹಿಂದಿನ ಒಂದು ಟೆಂಪೋ ಆ ಸಂಜೆ ನನ್ನ ಎದೆಯ ಮೇಲೆ ಹಾದು ಹೋಯಿತು. ಒಂದು ಮಗುವಿನ ಸಲುವಾಗಿ ಹೆದರಿ ಕೂತವನಿಗೆ ಈಗ ಎರಡು. ಆ ದಿನ ಚೀಲದ ಬದಲು ಅವಳೇ ಹೋಗಿದ್ದರೆ ಈ ಮಿನು ಇಲ್ಲ, ಆರ್ಯ ಇಲ್ಲ, ಮೆಲ್ಬರ್ನಿನ ಆ ಮನೆ ಇಲ್ಲ; ನಾನು ಮಾತ್ರ ಎಲ್ಲೋ ಕೂತು ಸಂಸ್ಕಾರದ ಮಾತಾಡುತ್ತ ಇರುತ್ತಿದ್ದೆ. ಗೀತಾ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. “ನಾಳೆ ಮುಂಜಾನೆ ಆಕಿಗೆ ನೀವಽ ಬಿಡಿಸಿ ಕಲಿಸ್ರಿ. ನನ್ನ ಮಾತು ಕೇಳೂದಿಲ್ಲ ಆಕಿ, ನಿಮ್ಮ ಮಾತು ಕೇಳ್ತಾಳ,” ಎಂದು ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ನಮ್ಮ ಹಿತ್ತಲಿನ ಹುಲ್ಲಿನ ಮೇಲೆ ಹಗ್ಗ ಹಾಸಿ ರಸ್ತೆ ಮಾಡಿದೆ. ಆಚೆ ಬದಿಗೆ ಶಾಂತಾ ನಿಂತಳು. ಹಿರಿಯರು ಕಂಡರೆ ನಿಂತಲ್ಲೇ ನಿಂತು ಕೈ ಮುಗಿಯಬೇಕು, ಓಡಬಾರದು, ಅವರೇ ಬರಲಿ ಅಥವಾ ಅಜ್ಜ ಕರೆದುಕೊಂಡು ಹೋಗಲಿ ಎಂದೆ. ಮಿನುವಿಗೆ ಇದು ತಲೆಗೆ ಹೋಗಲಿಲ್ಲ. “ಬಟ್ ದಟ್ಸ್ ರೂಡ್, ಅಜ್ಜಾ. ನೀವೇ ಹೇಳಿದ್ದು,” ಎಂದಳು. “ನಾ ಹೇಳಿದ್ದು ತಪ್ಪು,” ಎಂದೆ. ಆ ಮೂರು ಶಬ್ದ ನನ್ನ ಬಾಯಿಂದ ಬಂದದ್ದು ಕೇಳಿ ಶಾಂತಾ ಹಗ್ಗದ ಆಚೆಯಿಂದ ನನ್ನನ್ನೇ ನೋಡುತ್ತಿದ್ದಳು, ನಗಲಿಲ್ಲ. ಮೊದಲನೇ ಸಲ “ಅಜ್ಜಿ ನೋಡು” ಎಂದಾಗ ಮಿನುವಿನ ಕಾಲು ಹಗ್ಗ ದಾಟಿ ಹೋಗಿಬಿಟ್ಟವು. ಎರಡನೇ ಸಲವೂ ಹೋದವು. ಅವಳು ಬೇಕೆಂದು ಓಡುತ್ತಿರಲಿಲ್ಲ. ಕಾಲಿಗೆ ಕಲಿಸಿದ್ದನ್ನು ತಲೆ ಮರೆಸಲಾರದು. ಹದಿನಾರನೇ ಸಲ ನಿಂತಳು. ಇಡೀ ಮೈ ಮುಂದಕ್ಕೆ ವಾಲಿತ್ತು, ಹೆಬ್ಬೆರಳು ಹಗ್ಗ ಮುಟ್ಟಿತ್ತು, ಆದರೂ ನಿಂತು, ಎರಡೂ ಕೈ ಜೋಡಿಸಿ, ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. ನಾನು ಮತ್ತೆ ಮಾಡಿಸಿದೆ. ಮಧ್ಯಾಹ್ನದವರೆಗೆ ಮಾಡಿಸಿದೆ. ಭಾನುವಾರ ಅವರು ವಿಮಾನ ಹತ್ತುವ ಮೊದಲು, ಏರ್‌ಪೋರ್ಟಿನ ಕಾರು ನಿಲ್ಲಿಸುವ ಜಾಗದಲ್ಲಿ ಗೀತಾ ಸಾಮಾನು ಇಳಿಸುತ್ತ ಮಿನುವಿನ ಕೈಯನ್ನು ನನ್ನ ಕೈಗೆ ಕೊಟ್ಟಳು. ಅಲ್ಲಿಂದ ಒಳಬಾಗಿಲಿನವರೆಗೆ ಎರಡು ರಸ್ತೆ ದಾಟಬೇಕಿತ್ತು. ದಾಟಿಸಿದೆ. ದಾರಿಯಲ್ಲಿ ಪರಿಚಯದವರೊಬ್ಬರು ಎದುರಾಗಿ ಕೈ ಮುಗಿದರು. ನಾನು ತಲೆಯಷ್ಟೇ ಬಾಗಿಸಿದೆ, ಅವರಿಗೆ ಏನು ಅನಿಸಿತೋ ಏನೋ.

ಈಗ ನನಗಿರುವುದು ಇಷ್ಟು. ಗಿರಾವೀನಿನಲ್ಲಿ ಮನೆ ಒಂದು. ಹೆಂಡತಿ ಒಬ್ಬಳು. ಮೊಣಕಾಲು ಎರಡು, ಅವುಗಳಲ್ಲಿ ಸರಿಯಿರುವುದು ಒಂದು. ಕೆಲಸ ಮಾಡುವ ಶಕ್ತಿ ಇನ್ನೂ ನಾಲ್ಕೈದು ವರ್ಷದ್ದು. ಮಗಳು ಒಬ್ಬಳು. ಅಳಿಯ ಒಬ್ಬ. ಮೊಮ್ಮಕ್ಕಳು ಇಬ್ಬರು.